ಇಚಲಕರಂಜಿ–ಕೊಲ್ಲಾಪುರಗಳ ಸಂಗೀತ ಪರಂಪರೆಯೂ ಕನ್ನಡ ಕಂಠವೂ

ಪಂಚಗಂಗೆ, ಕೃಷ್ಣೆ, ಹಿರಣ್ಯಕೇಶಿಗಳು ಹರಿಯುವ ಈ ಸೀಮೆಯಲ್ಲಿ ಕನ್ನಡವೂ ಮರಾಠಿಯೂ ಬಹುಕಾಲದಿಂದ ಒಂದೇ ಪೇಟೆಯಲ್ಲಿ ವ್ಯವಹರಿಸುತ್ತ, ಒಂದೇ ಜಾತ್ರೆಯಲ್ಲಿ ನೆರೆಯುತ್ತ ಬಂದಿವೆ. ಶಿಲಾಹಾರ ಅರಸರ ಕಾಲದ ಕನ್ನಡ ಶಾಸನಗಳು ಕೊಲ್ಲಾಪುರದಲ್ಲಿ ದೊರೆತಿರುವ ಸಂಗತಿ ನಾಡಿನ ಇತಿಹಾಸ ಓದಿದವರಿಗೆಲ್ಲ ತಿಳಿದದ್ದೇ. ಗಡಹಿಂಗ್ಲಜ ತಾಲೂಕಿನ ಹಲವು ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡವೇ. ಇಚಲಕರಂಜಿಯ ಮಗ್ಗಗಳ ಓಣಿಗಳಲ್ಲಿ ಕನ್ನಡದಲ್ಲಿ ಸುಖದುಃಖ ಹಂಚಿಕೊಳ್ಳುವ ಕುಟುಂಬಗಳು ಎಷ್ಟೋ ಇವೆ. ಈ ನೆರೆಹೊರೆಯ ಸಂಬಂಧವನ್ನು ನಾವು ಸಂಘದ ಸಭೆಗಳಲ್ಲಿ ಶಾಸನಗಳ ಮೂಲಕ, ಶಾಲೆಗಳ ಮೂಲಕ, ಸಾಹಿತ್ಯದ ಮೂಲಕ ಅನೇಕ ಸಲ ನೆನೆದಿದ್ದೇವೆ. ಸಂಗೀತದ ಮೂಲಕ ನೆನೆದದ್ದು ಮಾತ್ರ ಕಡಿಮೆ.

ಹಾಗೆ ನೆನೆಯಲು ತಕ್ಕ ಕಾರಣವಿದೆ. ಹಿಂದುಸ್ತಾನಿ ಸಂಗೀತದ ಎರಡು ಹಿರಿಯ ಪರಂಪರೆಗಳು ಉತ್ತರದಿಂದ ಬಂದು ಬೇರು ಬಿಟ್ಟದ್ದು ನಾವು ದಿನವೂ ಓಡಾಡುವ ಈ ಊರುಗಳಲ್ಲಿ. ಗ್ವಾಲಿಯರ ಘರಾಣೆ ಇಚಲಕರಂಜಿ–ಮಿರಜಗಳಲ್ಲಿ ನೆಲೆಸಿತು. ಜೈಪುರ–ಅತ್ರೌಲಿ ಘರಾಣೆ ಕೊಲ್ಲಾಪುರದಲ್ಲಿ ನೆಲೆಸಿತು. ಕೊಲ್ಲಾಪುರಕ್ಕೂ ಇಚಲಕರಂಜಿಗೂ ನಡುವೆ ಸುಮಾರು 30 ಕಿಲೋಮೀಟರುಗಳ ಅಂತರ. ಈ ಎರಡು ಪರಂಪರೆಗಳೂ ಕೂಡಿದ್ದು ಧಾರವಾಡದ ಬದಿಯ ಒಂದು ಹಳ್ಳಿಯಿಂದ ಬಂದ ಕನ್ನಡ ಹುಡುಗನೊಬ್ಬನ ಕಂಠದಲ್ಲಿ. ಇದು ಹೇಗಾಯಿತು, ಇದರಿಂದ ನಾವು ಅರಿಯಬೇಕಾದದ್ದೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಘರಾಣೆ ಎಂಬ ಮನೆ

ಘರಾಣೆ ಎಂಬ ಶಬ್ದದ ಮೂಲದಲ್ಲಿ 'ಘರ್', ಅಂದರೆ ಮನೆ ಇದೆ. ಒಂದು ಮನೆತನದವರು ತಲೆತಲಾಂತರದಿಂದ ಕಾಯ್ದುಕೊಂಡು ಬಂದ ಹಾಡುವ ಬಗೆಯೇ ಘರಾಣೆ. ಸ್ವರವನ್ನು ಹೇಗೆ ಹಚ್ಚಬೇಕು, ರಾಗವನ್ನು ಯಾವ ಕ್ರಮದಲ್ಲಿ ಬಿಡಿಸಬೇಕು, ತಾಳದೊಡನೆ ಹೇಗೆ ನಡೆಯಬೇಕು, ಯಾವ ಚೀಜುಗಳನ್ನು ಹಾಡಬೇಕು ಎಂಬುದೆಲ್ಲವೂ ಅದರಲ್ಲಿ ಅಡಕವಾಗಿದೆ. ಮನೆ ಎಂದ ಮೇಲೆ ರಕ್ತಸಂಬಂಧದ ಮಾತು ಬರುವುದು ಸಹಜ. ತಂದೆಯಿಂದ ಮಗನಿಗೆ, ಮಾವನಿಂದ ಅಳಿಯನಿಗೆ ವಿದ್ಯೆ ಸಾಗುತ್ತಿತ್ತು. ಹೊರಗಿನವರಿಗೆ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. ಆದರೆ ಘರಾಣೆಗಳ ಇತಿಹಾಸವನ್ನು ನೋಡಿದರೆ ಅವು ಬಾಳಿದ್ದು ಬಾಗಿಲು ತೆರೆದಾಗ ಎಂಬುದು ಸ್ಪಷ್ಟವಾಗುತ್ತದೆ.

ಇಂಥ ಪ್ರಶ್ನೆ ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಯುರೋಪಿನಲ್ಲಿ ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊ ಹೀಗೆ ನಾಲ್ಕು ತಂತಿವಾದ್ಯಗಳ ವೃಂದವೊಂದುಂಟು. ಅದಕ್ಕೆ ಸ್ಟ್ರಿಂಗ್ ಕ್ವಾರ್ಟೆಟ್ ಎನ್ನುತ್ತಾರೆ. ಇಂದಿನ ಜೆಕ್ ದೇಶದ ಪ್ರಾಗ್ ನಗರದ ಸಂಗೀತ ವಿದ್ಯಾಲಯದಲ್ಲಿ 1890ರ ದಶಕದ ಆರಂಭದಲ್ಲಿ ನಾಲ್ವರು ವಿದ್ಯಾರ್ಥಿಗಳು ಇಂಥ ಒಂದು ವೃಂದವನ್ನು ಕಟ್ಟಿದರು. ಕಾರೆಲ್ ಹಾಫ್‌ಮನ್, ಯೋಸೆಫ್ ಸುಕ್, ಆಸ್ಕರ್ ನೆಡ್ಬಾಲ್, ಒಟ್ಟೊ ಬರ್ಗರ್ ಎಂಬವರೇ ಆ ನಾಲ್ವರು. ಚೆಲ್ಲೊ ನುಡಿಸುತ್ತಿದ್ದ ಬರ್ಗರ್ ಎಳೆಯ ವಯಸ್ಸಿನಲ್ಲೇ ರೋಗಕ್ಕೆ ತುತ್ತಾದಾಗ ಆತನ ಸ್ಥಾನಕ್ಕೆ ಬಂದು ಕುಳಿತವರು ಅವರ ಗುರುಗಳಾದ ಹನುಷ್ ವಿಹಾನರೇ. ಶಿಷ್ಯನ ಆಸನದಲ್ಲಿ ಗುರು ಕುಳಿತು ವೃಂದವನ್ನು ಉಳಿಸಿದರು. 1906ರಲ್ಲಿ ನೆಡ್ಬಾಲ್ ಬಿಟ್ಟುಹೋದಾಗ ಮತ್ತೊಬ್ಬರು ಬಂದರು. 1914ರಲ್ಲಿ ವಿಹಾನರು ನಿವೃತ್ತರಾದಾಗ ಇನ್ನೊಬ್ಬರು ಬಂದರು. ಹೀಗೆ ಆ ವೃಂದ ಸುಮಾರು ನಾಲ್ಕು ದಶಕ ಬಾಳಿತು. ಆಸನದಲ್ಲಿ ಕುಳಿತವರು ಬದಲಾದರು, ನುಡಿಸುವ ರೀತಿ ಮುಂದುವರಿಯಿತು. ಅದಕ್ಕೆ ಕಾರಣ ಒಂದೇ: ತೆರವಾದ ಆಸನಕ್ಕೆ ಬಂದವನು ಉಳಿದವರ ಉಸಿರಾಟವನ್ನು ಅರಿತು ನುಡಿಸಲು ಸಿದ್ಧನಾಗಿದ್ದನು. ನಮ್ಮ ಘರಾಣೆಗಳ ಕಥೆಯೂ ತೆರವಾದ ಆಸನಗಳ ಕಥೆಯೇ ಆಗಿದೆ.

ಇಚಲಕರಂಜಿಯ ಬಾಳಕೃಷ್ಣಬುವಾ

ಇಚಲಕರಂಜಿಯ ಸಮೀಪದ ಚಂದೂರಿನಲ್ಲಿ 1849ರಲ್ಲಿ ಜನಿಸಿದ ಬಾಳಕೃಷ್ಣಬುವಾ ಅವರಿಗೆ ಸಂಗೀತದ ಗೀಳು ಬಾಲ್ಯದಿಂದಲೇ ಅಂಟಿಕೊಂಡಿತು. ಆ ಕಾಲದಲ್ಲಿ ಖಯಾಲ್ ಗಾಯನದ ತವರು ಗ್ವಾಲಿಯರ. ಹದ್ದೂಖಾನ, ಹಸ್ಸೂಖಾನ ಸಹೋದರರು ಅಲ್ಲಿ ಖಯಾಲಿಗೆ ಹೊಸ ರೂಪು ಕೊಟ್ಟಿದ್ದರು. ಅವರ ಪರಂಪರೆಯ ವಾಸುದೇವಬುವಾ ಜೋಶಿಯವರಲ್ಲಿ ಬಾಳಕೃಷ್ಣಬುವಾ ಅಭ್ಯಾಸ ಮಾಡಿದರು. ಗುರುಗೃಹದಲ್ಲಿ ಸೇವೆ ಮಾಡಿ, ಕಷ್ಟ ಸಹಿಸಿ, ಗಳಿಸಿದ ವಿದ್ಯೆಯೊಡನೆ ತಮ್ಮ ನಾಡಿಗೆ ಮರಳಿದರು. ಗ್ವಾಲಿಯರದ ಗಾಯಕಿಯನ್ನು ಮಹಾರಾಷ್ಟ್ರಕ್ಕೆ ತಂದವರು ಅವರೇ ಎಂದು ಸಂಗೀತದ ಇತಿಹಾಸಕಾರರು ಹೇಳುತ್ತಾರೆ.

ಮುಂಬಯಿಯಲ್ಲಿ ಕೆಲವು ಕಾಲವಿದ್ದ ಬುವಾ ಅವರನ್ನು ದಮ್ಮಿನ ವ್ಯಾಧಿ ಕಾಡಿತು. ಕಡಲತೀರದ ಹವೆ ಒಗ್ಗದೆ ಮಿರಜಕ್ಕೆ ಬಂದರು. ಮುಂದೆ ಇಚಲಕರಂಜಿ ಸಂಸ್ಥಾನದ ಆಶ್ರಯದಲ್ಲಿ ನೆಲೆಸಿದರು. ಆಗ ಅಲ್ಲಿ ಆಳುತ್ತಿದ್ದ ನಾರಾಯಣರಾವ ಬಾಬಾಸಾಹೇಬ ಘೋರ್ಪಡೆಯವರು ವಿದ್ಯೆ, ಕಲೆ, ಉದ್ಯಮಗಳಿಗೆ ಆಸರೆಯಾದವರು. ಇಚಲಕರಂಜಿಯಲ್ಲಿ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ, ಅವರ ಆಳ್ವಿಕೆಯಲ್ಲೇ. ಊರಿಗೆ ಇಂದು ಅನ್ನ ಕೊಡುತ್ತಿರುವ ಕಸುಬೂ ಊರಿನ ಹೆಸರನ್ನು ಭಾರತದ ಸಂಗೀತಲೋಕದಲ್ಲಿ ನಿಲ್ಲಿಸಿದ ಗಾಯನವೂ ಹೀಗೆ ಒಂದೇ ಕಾಲದಲ್ಲಿ ಬೆಳೆದವು. 'ಇಚಲಕರಂಜೀಕರ' ಎಂಬ ಅಡ್ಡಹೆಸರಿನಿಂದಲೇ ಬುವಾ ಖ್ಯಾತರಾದರು. 1926ರಲ್ಲಿ ಅವರು ಕಾಲವಾದರು.

ಬುವಾ ಅವರ ದೊಡ್ಡತನವನ್ನು ಅವರ ಶಿಷ್ಯರಿಂದ ಅಳೆಯಬೇಕು. ಕುರುಂದವಾಡದಲ್ಲಿ 1872ರಲ್ಲಿ ಹುಟ್ಟಿ, ಪಟಾಕಿ ಸಿಡಿದು ಬಾಲ್ಯದಲ್ಲೇ ಕಣ್ಣಿನ ದೃಷ್ಟಿ ಕೆಡಿಸಿಕೊಂಡ ವಿಷ್ಣು ದಿಗಂಬರ ಪಲುಸ್ಕರರು ಮಿರಜದಲ್ಲಿ ಅವರ ಶಿಷ್ಯರಾದರು. ಅದೇ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು, ಸ್ವರಲಿಪಿಯನ್ನು ರೂಪಿಸಿ, ಪಠ್ಯಪುಸ್ತಕಗಳನ್ನು ಅಚ್ಚು ಹಾಕಿಸಿ, ಸಂಗೀತವನ್ನು ಶಾಲೆಯ ವಿದ್ಯೆಯನ್ನಾಗಿ ಮಾಡಿದರು. ಔಂಧದ ಅನಂತ ಮನೋಹರ ಜೋಶಿ, ಮಿರಾಶಿಬುವಾ, ಗುಂಡೂಬುವಾ ಇಂಗಳೆ ಮೊದಲಾದವರೂ ಬುವಾ ಅವರ ಶಿಷ್ಯರೇ.

ಕನ್ನಡಿಗರಾದ ನಮಗೆ ಮುಖ್ಯರಾದವರು ಇನ್ನೊಬ್ಬ ಶಿಷ್ಯರು: ನೀಲಕಂಠಬುವಾ ಆಲೂರಮಠ. ಮಿರಜದಲ್ಲಿ ನೆಲೆಸಿದ್ದುದರಿಂದ ಮಿರಜಕರ ಎಂದೂ ಅವರನ್ನು ಕರೆಯುತ್ತಿದ್ದರು. ಜಂಗಮ ಮನೆತನದ ಈ ವಿದ್ವಾಂಸರ ಮೂಲಕ ಇಚಲಕರಂಜಿಯ ಗಾಯನ ಕನ್ನಡನಾಡಿಗೆ ಇಳಿಯಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳು ಹಿಂದುಸ್ತಾನಿ ಸಂಗೀತವನ್ನು ಕಲಿತದ್ದು ನೀಲಕಂಠಬುವಾ ಅವರಲ್ಲಿ. ಹುಟ್ಟು ಕುರುಡರಾದ ಗವಾಯಿಗಳು ತಾವು ಕಲಿತದ್ದನ್ನು ಅನಾಥ ಮಕ್ಕಳಿಗೆ, ಅಂಧ ಮಕ್ಕಳಿಗೆ ಧಾರೆಯೆರೆದರು. ಪುಟ್ಟರಾಜ ಗವಾಯಿಗಳು, ಬಸವರಾಜ ರಾಜಗುರುಗಳು ಅಲ್ಲಿಂದಲೇ ಬೆಳೆದು ಬಂದರು. ಗದುಗಿನ ಆಶ್ರಮದಲ್ಲಿ ಕಣ್ಣಿಲ್ಲದ ಹುಡುಗನೊಬ್ಬ ಬೆಳಗಿನ ಜಾವ ತಂಬೂರಿ ಹಿಡಿದು ಕೂತರೆ, ಅವನ ಪಾಠದ ಒಂದು ಬೇರು ಇಚಲಕರಂಜಿಯಲ್ಲಿದೆ. ಈ ಮಾತನ್ನು ನಮ್ಮ ಮಕ್ಕಳಿಗೆ ನಾವು ಹೇಳಿದ್ದೇವೆಯೆ?

ಕೊಲ್ಲಾಪುರದ ಅಲ್ಲಾದಿಯಾಖಾನರು

ಇತ್ತ ಕೊಲ್ಲಾಪುರದಲ್ಲಿ 1894ರಲ್ಲಿ ಅಧಿಕಾರ ಸ್ವೀಕರಿಸಿದ ರಾಜರ್ಷಿ ಶಾಹೂ ಮಹಾರಾಜರು ಕುಸ್ತಿ, ನಾಟಕ, ಚಿತ್ರಕಲೆ, ಸಂಗೀತಗಳಿಗೆ ಒಂದೇ ಸಮನಾದ ಪ್ರೋತ್ಸಾಹ ನೀಡಿದರು. 1902ರಲ್ಲಿ ಹಿಂದುಳಿದ ಸಮಾಜಗಳಿಗೆ ಸರಕಾರಿ ಹುದ್ದೆಗಳಲ್ಲಿ ಶೇಕಡಾ 50ರಷ್ಟು ಸ್ಥಾನಗಳನ್ನು ಕಾಯ್ದಿರಿಸಿದ ದೊರೆ ಅವರು. ಅವರ ದರಬಾರಿಗೆ 1895ರಲ್ಲಿ ಗಾಯಕರಾಗಿ ಬಂದವರು ಉಸ್ತಾದ ಅಲ್ಲಾದಿಯಾಖಾನರು.

ಖಾನಸಾಹೇಬರು 1855ರಲ್ಲಿ ರಾಜಸ್ಥಾನದ ಉನಿಯಾರಾದಲ್ಲಿ ಹುಟ್ಟಿದರು. ಧ್ರುಪದ ಗಾಯಕರ ಮನೆತನ ಅವರದು. ಚಿಕ್ಕಪ್ಪ ಜಹಾಂಗೀರಖಾನರಲ್ಲಿ ವಿದ್ಯಾಭ್ಯಾಸ. ತಾರುಣ್ಯದಲ್ಲಿ ಆಮ್ಲೇಟಾ ಎಂಬ ಚಿಕ್ಕ ಸಂಸ್ಥಾನದಲ್ಲಿದ್ದಾಗ ಅಲ್ಲಿನ ಒಡೆಯನ ಅತಿಯಾದ ಆಸೆಯಿಂದ ಬಿಡುವಿಲ್ಲದೆ ಹಾಡಿ ಹಾಡಿ ಅವರ ಕಂಠವೇ ಒಡೆದುಹೋಯಿತೆಂದು ಹೇಳುತ್ತಾರೆ. ಗಾಯಕನಿಗೆ ಇದಕ್ಕಿಂತ ದೊಡ್ಡ ವಿಪತ್ತು ಯಾವುದು? ಕಂಠ ಮರಳಿತಾದರೂ ಮೊದಲಿನ ನುಣುಪು ಮರಳಲಿಲ್ಲ. ಆ ಕಂಠದಿಂದ ಯಾವುದು ಸಾಧ್ಯವೋ ಅದನ್ನೇ ಆಧಾರ ಮಾಡಿಕೊಂಡು ಅವರು ಹೊಸ ಹಾಡುಗಾರಿಕೆಯನ್ನು ಕಟ್ಟಿದರು. ಧ್ರುಪದದ ಗಾಂಭೀರ್ಯವನ್ನು ಖಯಾಲಿಗೆ ತಂದರು. ಲಯದ ಬೆನ್ನು ಬಿಡದ ಆಲಾಪ, ಆಕಾರದಲ್ಲಿ ಸುತ್ತಿಸುತ್ತಿ ಸಾಗುವ ತಾನು, ಎರಡು ರಾಗಗಳನ್ನು ಬೆಸೆದ ಜೋಡುರಾಗಗಳು, ಬೇರೆಯವರು ಹಾಡದ ಅಪರೂಪದ ರಾಗಗಳು ಇವೆಲ್ಲ ಆ ಗಾಯಕಿಯ ಲಕ್ಷಣಗಳಾದವು. ಗ್ವಾಲಿಯರದ ಹಾಡುಗಾರಿಕೆ ಹೆದ್ದಾರಿಯಂತೆ ನೇರವಾಗಿ ಸಾಗಿದರೆ, ಖಾನಸಾಹೇಬರದು ಕೋಟೆಯ ಒಳದಾರಿಯಂತೆ ತಿರುವುಗಳಿಂದ ಕೂಡಿದ್ದು; ಆದರೂ ಸಮದ ಬಾಗಿಲಿಗೆ ತಪ್ಪದೆ ಬಂದು ಸೇರುವಂಥದು.

ಕೊಲ್ಲಾಪುರದಲ್ಲಿ ಅವರು ಇದ್ದದ್ದು ಇಪ್ಪತ್ತೈದಕ್ಕೂ ಹೆಚ್ಚು ವರ್ಷ. ಗ್ವಾಲಿಯರದ ಬುವಾ ಇಚಲಕರಂಜಿಯಲ್ಲಿ, ಜೈಪುರದ ಖಾನಸಾಹೇಬರು ಕೊಲ್ಲಾಪುರದಲ್ಲಿ, ಕಿರಾಣಾ ಘರಾಣೆಯ ಅಬ್ದುಲ್ ಕರೀಮಖಾನರು ಮಿರಜದಲ್ಲಿ! ಇಂಥ ಸಂಯೋಗ ದೇಶದ ಬೇರೆ ಭಾಗಗಳಲ್ಲಿ ವಿರಳ. ಕೊಲ್ಲಾಪುರದ ದೇವಲ್ ಕ್ಲಬ್ಬಿನಂಥ ಸಂಸ್ಥೆಗಳು ದರಬಾರದ ಹೊರಗಿನ ಕೇಳುಗರನ್ನೂ ಬೆಳೆಸಿದವು. ಮಿರಜದ ಕುಶಲಕರ್ಮಿಗಳು ಕುಂಬಳಬುರುಡೆಯಿಂದ ತಂಬೂರಿ, ಸಿತಾರಗಳನ್ನು ಮಾಡಿ ದೇಶಕ್ಕೆಲ್ಲ ಕಳಿಸುತ್ತಿದ್ದರು. ಹಾಡುವವರು, ವಾದ್ಯ ಮಾಡುವವರು, ಕೇಳುವವರು, ಪೋಷಿಸುವವರು ಎಲ್ಲರೂ ಒಂದು ದಿನದ ಹಾದಿಯೊಳಗೇ ಇದ್ದರು.

1922ರ ಮೇ ತಿಂಗಳಲ್ಲಿ ಶಾಹೂ ಮಹಾರಾಜರು ತೀರಿಕೊಂಡರು. ಆ ಮೇಲೆ ಖಾನಸಾಹೇಬರು ಮುಂಬಯಿಗೆ ಹೋಗಿ ನೆಲೆಸಿದರು. ಅಲ್ಲಿಯೇ 1946ರಲ್ಲಿ ತೊಂಬತ್ತರ ಮುಪ್ಪಿನಲ್ಲಿ ಕಣ್ಮುಚ್ಚಿದರು. ಹಾಡನ್ನು ಯಂತ್ರಕ್ಕೆ ಒಪ್ಪಿಸಲು ಅವರು ಮನಸ್ಸು ಮಾಡಲಿಲ್ಲ. ಆದುದರಿಂದ ಅವರ ಧ್ವನಿಯನ್ನು ನಾವು ಯಾವ ಮುದ್ರಿಕೆಯಲ್ಲೂ ಕೇಳಲಾರೆವು. ಅವರ ಸಂಗೀತವೆಂದು ಇಂದು ನಾವು ಕೇಳುವುದೆಲ್ಲ ಶಿಷ್ಯರ ಕಂಠದಿಂದ ಬಂದದ್ದೇ.

ಹಳಿಗಳ ಮೇಲೆ ಬಂದ ನಾಟಕ

ಈ ಊರುಗಳ ಸಂಗೀತ ಕನ್ನಡನಾಡಿಗೆ ತಲುಪಲು ಎರಡು ಸಾಧನಗಳು ನೆರವಾದವು. ಒಂದು ರೈಲು, ಇನ್ನೊಂದು ನಾಟಕ ಮಂಡಳಿ. ಪುಣೆಯಿಂದ ಮಿರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ಮೂಲಕ ಸಾಗುವ ರೈಲುಮಾರ್ಗ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸಿದ್ಧವಾಯಿತು. ಮಿರಜದಿಂದ ಕೊಲ್ಲಾಪುರಕ್ಕೆ 1891ರಲ್ಲಿ ರೈಲು ಬಂತು. ಚಕ್ಕಡಿಯಲ್ಲಿ ಹಲವು ದಿನ ಹಿಡಿಯುತ್ತಿದ್ದ ಪ್ರಯಾಣ ಇದರಿಂದ ಬಹಳಷ್ಟು ಹಗುರಾಯಿತು.

ಆ ರೈಲಿನಲ್ಲಿ ನಾಟಕ ಮಂಡಳಿಗಳು ತಮ್ಮ ಪರದೆ, ಪೆಟ್ಟಿಗೆ, ಹಾರ್ಮೋನಿಯಂಗಳೊಂದಿಗೆ ಊರಿಂದೂರಿಗೆ ಸಂಚರಿಸಿದವು. ಕೊಲ್ಲಾಪುರದ ಹೆಮ್ಮೆಯ ನಟ ಕೇಶವರಾವ ಭೋಸಲೆಯವರು ತಮ್ಮ ಲಲಿತಕಲಾದರ್ಶ ಮಂಡಳಿಯನ್ನು 1908ರಲ್ಲಿ ಸ್ಥಾಪಿಸಿದ್ದು ಹುಬ್ಬಳ್ಳಿಯಲ್ಲಿ ಎಂಬುದನ್ನು ನಮ್ಮವರು ನೆನಪಿಡಬೇಕು. ಮರಾಠಿ ರಂಗಗೀತೆಗಳು ಧಾರವಾಡದ ಕೇಳುಗರಿಗೆ ಬಾಯಿಪಾಠವಾದವು. ಕನ್ನಡ ನಾಟಕ ಮಂಡಳಿಗಳೂ ಅದೇ ಬಗೆಯ ರಾಗದಾರಿ ಹಾಡುಗಳನ್ನು ಅಳವಡಿಸಿಕೊಂಡವು. ಅಲ್ಲಾದಿಯಾಖಾನರಿಂದಲೂ ಪಾಠ ಪಡೆದ ಭಾಸ್ಕರಬುವಾ ಬಖಲೆಯವರು ಧಾರವಾಡದ ಶಿಕ್ಷಕರ ಟ್ರೇನಿಂಗ್ ಕಾಲೇಜಿನಲ್ಲಿ ಕೆಲವು ವರ್ಷ ಸಂಗೀತದ ಅಧ್ಯಾಪಕರಾಗಿದ್ದರು. ಅಧ್ಯಾಪಕ ವೃತ್ತಿಯಲ್ಲಿ ಬಾಳು ಸವೆಸಿದ ನಮ್ಮಂಥವರಿಗೆ ಇದು ವಿಶೇಷ ಸಂತೋಷದ ಸಂಗತಿ. ಮುಂದೆ ಹಳ್ಳಿಯ ಶಾಲೆಗಳಿಗೆ ಹೋಗಲಿದ್ದ ಮಾಸ್ತರರು ಅಂಥ ಗಾಯಕರ ಮುಂದೆ ಕೂತು ಸ್ವರ ಕಲಿತ ಕಾಲವೊಂದಿತ್ತು.

ಮನ್ಸೂರಿನ ಹುಡುಗ

ಧಾರವಾಡದ ಪಕ್ಕದ ಮನ್ಸೂರಿನಲ್ಲಿ 1910ರ ಡಿಸೆಂಬರ 31ರಂದು ಹುಟ್ಟಿದ ಮಲ್ಲಿಕಾರ್ಜುನನನ್ನು ಸಂಗೀತಕ್ಕೆ ಎಳೆದದ್ದೂ ನಾಟಕವೇ. ರೈತ ಮನೆತನ, ತಂದೆ ಭೀಮರಾಯಪ್ಪ, ತಾಯಿ ನೀಲಮ್ಮ. ಅಣ್ಣ ಬಸವರಾಜನ ನಂಟು ನಾಟಕ ಮಂಡಳಿಯೊಡನೆ. ಬಾಲಕ ಮಲ್ಲಿಕಾರ್ಜುನ ಬಣ್ಣ ಹಚ್ಚಿ ರಂಗದ ಮೇಲೆ ಹಾಡಿದ. ಅಪ್ಪಯ್ಯಸ್ವಾಮಿಗಳಲ್ಲಿ ಮೊದಲಿಗೆ ಕರ್ನಾಟಕ ಸಂಗೀತದ ಪಾಠವಾಯಿತು. ಹುಡುಗನ ಕಂಠವನ್ನು ಕೇಳಿ ಮೆಚ್ಚಿದ ನೀಲಕಂಠಬುವಾ ಅವರು ಅವನನ್ನು ಮಿರಜಕ್ಕೆ ಕರೆದೊಯ್ದು ಹಲವು ವರ್ಷ ಗ್ವಾಲಿಯರದ ತಾಲೀಮು ಕೊಟ್ಟರು. ಹೀಗೆ ಇಚಲಕರಂಜಿಯ ವಿದ್ಯೆ ಕನ್ನಡ ಹುಡುಗನ ಪಾಲಿಗೆ ಬಂತು.

ತರುಣನಾದಾಗಲೇ ಮಲ್ಲಿಕಾರ್ಜುನ ಹೆಸರು ಗಳಿಸಿದ್ದ. ಗ್ರಾಮೋಫೋನ ಮುದ್ರಿಕೆಗಳು ಹೊರಬಂದಿದ್ದವು. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಸಾಕೆಂದು ನಿಲ್ಲುತ್ತಿದ್ದರೇನೋ. ಆದರೆ ಅಲ್ಲಾದಿಯಾಖಾನರ ಗಾಯಕಿ ಅವನನ್ನು ಸೆಳೆಯಿತು. ಆಗ ಖಾನಸಾಹೇಬರಿಗೆ ವಯಸ್ಸು ಎಂಬತ್ತರ ಆಸುಪಾಸು. ಅವರಿಗೆ ಮೂವರು ಮಕ್ಕಳು. ಹಿರಿಯ ಮಗ ಬಡೇಜಿ ಎಂದೇ ಕರೆಸಿಕೊಂಡ ನಸೀರುದ್ದೀನಖಾನರು ಅನಾರೋಗ್ಯದ ದೆಸೆಯಿಂದ ಮೈಫಲಿಗಳಿಂದ ದೂರ ಉಳಿದರು. ಎರಡನೆಯವರು ಬದ್ರುದ್ದೀನ ಅಥವಾ ಮಂಜಿಖಾನ. ಮೂರನೆಯವರು ಶಮ್ಸುದ್ದೀನ ಅಥವಾ ಭುರ್ಜಿಖಾನ. ತಂದೆಯ ವಿದ್ಯೆಯೊಡನೆ ಸ್ವಂತ ಬುದ್ಧಿಯ ಹೊಳಪೂ ಇದ್ದ ಮಂಜಿಖಾನರಲ್ಲಿ ಮಲ್ಲಿಕಾರ್ಜುನ ಶಿಷ್ಯನಾದ.

ಈ ಭಾಗ್ಯ ಬಹುಕಾಲ ಉಳಿಯಲಿಲ್ಲ. 1937ರಲ್ಲಿ ಮಂಜಿಖಾನರು ಐವತ್ತು ತುಂಬುವ ಮೊದಲೇ ತೀರಿಕೊಂಡರು. ಮುಪ್ಪಿನ ತಂದೆಗೆ ಪುತ್ರಶೋಕ; ಶಿಷ್ಯನಿಗೆ ಗುರುಶೋಕ. ಪ್ರಾಗ್ ನಗರದ ವೃಂದದಲ್ಲಿ ಶಿಷ್ಯನ ಆಸನ ತೆರವಾದಾಗ ಗುರು ಬಂದು ಕೂತರೆಂದು ಮೇಲೆ ಹೇಳಿದೆವು. ಇಲ್ಲಿ ಗುರುವಿನ ಆಸನ ತೆರವಾದಾಗ ಗುರುವಿನ ತಮ್ಮ ಬಂದು ಕೂತರು. ಭುರ್ಜಿಖಾನರು ಅಣ್ಣನ ಶಿಷ್ಯನನ್ನು ತಮ್ಮ ಶಿಷ್ಯನನ್ನಾಗಿ ಸ್ವೀಕರಿಸಿ ಪಾಠವನ್ನು ಮುಂದುವರಿಸಿದರು. ಭುರ್ಜಿಖಾನರ ಮನೆ ಕೊಲ್ಲಾಪುರದಲ್ಲಿ. ಮಲ್ಲಿಕಾರ್ಜುನ ಮನ್ಸೂರರ ಗಾಯನ ಪಕ್ವವಾದದ್ದು ಆ ಮನೆಯ ತಾಲೀಮಿನಲ್ಲಿ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಕಲಿಸಿದವರು ಮುಸಲ್ಮಾನ ಉಸ್ತಾದರು. ಕಲಿತವರು ಲಿಂಗಾಯತ ಮನೆತನದವರು, ಶರಣರ ಮಾರ್ಗದಲ್ಲಿ ಅಚಲವಾದ ನಿಷ್ಠೆಯುಳ್ಳವರು. ಚೀಜುಗಳ ಭಾಷೆ ವ್ರಜ. ಊರಿನ ಭಾಷೆ ಮರಾಠಿ. ಶಿಷ್ಯನ ಮನೆಮಾತು ಕನ್ನಡ. ಇವುಗಳಲ್ಲಿ ಒಂದೂ ಪಾಠಕ್ಕೆ ಅಡ್ಡಿಯಾಗಲಿಲ್ಲ. ಕೇಳಬೇಕಾದ ಅರ್ಹತೆ ಎರಡೇ: ಕಿವಿ ಸರಿಯಿರಬೇಕು, ಕೂತಲ್ಲಿಂದ ಏಳದ ಸಹನೆ ಇರಬೇಕು. ಒಂದು ರಾಗದ ಒಂದೇ ತಿರುವನ್ನು ದಿನಗಟ್ಟಲೆ ತಿದ್ದಿಸಿಕೊಳ್ಳಬಲ್ಲವನಿಗೆ ಮಾತ್ರ ಆ ಬಾಗಿಲು ತೆರೆದಿತ್ತು.

ಮನ್ಸೂರರು ಈ ವಿದ್ಯೆಯನ್ನು ಐದು ದಶಕಗಳಿಗೂ ಮಿಕ್ಕಿ ಬಾಳಿಸಿದರು. ಬಸಂತಿ ಕೇದಾರ, ಬಿಹಾಗಡಾ, ಶಿವಮತ ಭೈರವ, ಸಂಪೂರ್ಣ ಮಾಲಕಂಸ, ಲಲಿತಾಗೌರಿಯಂಥ ಅಪರೂಪದ ರಾಗಗಳು ಅವರ ಕಂಠದಲ್ಲಿ ಸಹಜವಾಗಿ ಅರಳುತ್ತಿದ್ದವು. ಗ್ವಾಲಿಯರದ ಸ್ಪಷ್ಟತೆ ಹಾಸಾಗಿ, ಜೈಪುರದ ಲಯಗಾರಿಕೆ ಹೊಕ್ಕಾಗಿ ನೇಯ್ದ ಗಾಯನ ಅವರದು. ಅದೇ ಕಂಠದಿಂದ ಅವರು ಶರಣರ ವಚನಗಳನ್ನು ಹಾಡಿದಾಗ ಕೊಲ್ಲಾಪುರದ ಉಸ್ತಾದರ ಸ್ವರ ಕಲ್ಯಾಣದ ಶರಣರ ಮಾತನ್ನು ಹೊತ್ತು ಕನ್ನಡದ ಮನೆಮನೆಗೆ ತಲುಪಿತು. ಧಾರವಾಡ ಆಕಾಶವಾಣಿಯಲ್ಲಿ ಅವರು ಸಂಗೀತ ಸಲಹೆಗಾರರಾಗಿದ್ದರು. 1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಅವರನ್ನು ಅರಸಿ ಬಂದವು. ಅದೇ 1992ರ ಸೆಪ್ಟೆಂಬರ 12ರಂದು ಅವರು ಲಿಂಗೈಕ್ಯರಾದರು. ಅವರ ಆತ್ಮಕಥೆ 'ನನ್ನ ರಸಯಾತ್ರೆ' ಕನ್ನಡದಲ್ಲಿದೆ. ಸಂಗೀತ ತಿಳಿಯದವರೂ ಓದಬಹುದಾದ ಗ್ರಂಥವದು.

ಆಸನವನ್ನು ತುಂಬಿದವರು

ಕೊಲ್ಲಾಪುರದ ಘರಾಣೆಯನ್ನು ಲೋಕಪ್ರಸಿದ್ಧ ಮಾಡಿದವರು ಯಾರು ಎಂದು ಎಣಿಸಿ ನೋಡೋಣ. ಗೋವೆಯ ಕೇರಿ ಗ್ರಾಮದಲ್ಲಿ ಹುಟ್ಟಿದ ಕೇಸರಬಾಯಿ ಕೇರಕರ ಅಲ್ಲಾದಿಯಾಖಾನರಲ್ಲಿ ದೀರ್ಘಕಾಲ ಕಲಿತು ಅಗ್ರಗಾಯಕಿಯಾದರು. ಅವರು ಹಾಡಿದ ಭೈರವಿಯ ಮುದ್ರಿಕೆಯನ್ನು 1977ರಲ್ಲಿ ಅಮೆರಿಕದವರು ವಾಯೇಜರ್ ನೌಕೆಯಲ್ಲಿಟ್ಟು ಅಂತರಿಕ್ಷಕ್ಕೆ ಕಳಿಸಿದರು. ಗೋವೆಯವರೇ ಆದ ಮೋಗೂಬಾಯಿ ಕುರ್ಡೀಕರ ಈ ವಿದ್ಯೆಯನ್ನು ಪಡೆದು ಮಗಳು ಕಿಶೋರಿ ಆಮೋಣಕರರಿಗೆ ಕೊಟ್ಟರು. ಕೊಲ್ಲಾಪುರದಲ್ಲೇ 1927ರಲ್ಲಿ ಹುಟ್ಟಿದ ಧೋಂಡೂತಾಯಿ ಕುಲಕರ್ಣಿ ಬಾಲ್ಯದಲ್ಲಿ ಭುರ್ಜಿಖಾನರಿಂದ ಪಾಠ ಹೇಳಿಸಿಕೊಂಡು, ಮುಂದೆ ಕೇಸರಬಾಯಿಯವರ ಶಿಷ್ಯೆಯಾಗಿ 2014ರವರೆಗೆ ಬಾಳಿದರು. ಇಚಲಕರಂಜಿಯ ಬುವಾ ಅವರ ಶಿಷ್ಯ ಅನಂತ ಮನೋಹರ ಜೋಶಿಯವರ ಮಗ ಗಜಾನನಬುವಾ ಜೋಶಿ ತಂದೆಯಿಂದ ಗ್ವಾಲಿಯರವನ್ನೂ ಭುರ್ಜಿಖಾನರಿಂದ ಜೈಪುರವನ್ನೂ ಕಲಿತರು. ನಮ್ಮ ಎರಡು ಊರುಗಳ ವಿದ್ಯೆ ಒಂದೇ ಕಂಠದಲ್ಲಿ ಸೇರಿದ ಇನ್ನೊಂದು ಉದಾಹರಣೆ ಇದು.

ಇವರಲ್ಲಿ ಯಾರೂ ಖಾನಸಾಹೇಬರ ರಕ್ತಸಂಬಂಧಿಗಳಲ್ಲ. ಹೆಣ್ಣುಮಕ್ಕಳು, ಗೋವೆಯ ಕಲಾವಂತ ಸಮಾಜದವರು, ಬ್ರಾಹ್ಮಣರು, ಲಿಂಗಾಯತರು ಹೀಗೆ ಎಲ್ಲೆಲ್ಲಿಂದಲೋ ಬಂದವರು ಮನೆಯ ಮಕ್ಕಳಂತೆ ಬೆಳೆದರು. ಮನೆಯವರೂ ಸುಮ್ಮನೆ ಕೂರಲಿಲ್ಲ. ಭುರ್ಜಿಖಾನರ ಮಗ ಅಜೀಜುದ್ದೀನಖಾನರು ಅಜ್ಜನ ಬಾಯಿಂದ ಕೇಳಿದ ಜೀವನವೃತ್ತಾಂತವನ್ನು ಬರೆದಿಟ್ಟು, ಮನೆತನದ ಚೀಜುಗಳನ್ನು ಕಾಪಾಡಿ, ಕೇಳಿ ಬಂದ ಗಾಯಕರಿಗೆ ಹಂಚಿದರು. ಧಾರವಾಡದಲ್ಲಿ ಮನ್ಸೂರರ ಮಗ ರಾಜಶೇಖರ ಮನ್ಸೂರರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ತಂದೆಯ ಗಾಯಕಿಯನ್ನು ಮುಂದುವರಿಸಿ, ತಂದೆಯ ಆತ್ಮಕಥೆಯನ್ನು ಇಂಗ್ಲಿಷಿಗೆ ತಂದು, 2022ರಲ್ಲಿ ತೀರಿಕೊಂಡರು.

ದರಬಾರಗಳು ಹೋದವು, ಸಂಸ್ಥಾನಗಳು ವಿಲೀನವಾದವು. ಶಾಹೂ ಮಹಾರಾಜರು ಕಟ್ಟಿಸಿದ, ಕೇಶವರಾವ ಭೋಸಲೆಯವರ ಹೆಸರು ಹೊತ್ತ ಕೊಲ್ಲಾಪುರದ ನಾಟ್ಯಗೃಹ 2024ರ ಆಗಸ್ಟಿನಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟಾಗ ಊರಿಗೆ ಊರೇ ಮರುಗಿತು. ಕಟ್ಟಡವನ್ನು ಮತ್ತೆ ಕಟ್ಟಬಹುದು. ಆದರೆ ಒಬ್ಬರ ಕಂಠದಿಂದ ಇನ್ನೊಬ್ಬರ ಕಂಠಕ್ಕೆ ಹೋಗುವ ವಿದ್ಯೆಯಲ್ಲಿ ಒಂದು ತಲೆಮಾರು ತಪ್ಪಿತೆಂದರೆ ಅದನ್ನು ಮರಳಿ ಕಟ್ಟಲು ಯಾವ ನಕಾಶೆಯೂ ಸಿಗುವುದಿಲ್ಲ.

ನಮ್ಮ ಪಾಲಿನ ಕೆಲಸ

ಭಾಷೆಗೂ ಇದೇ ನ್ಯಾಯ ಸಲ್ಲುತ್ತದೆ. ಗಡಿಯ ಊರುಗಳಲ್ಲಿ ಕನ್ನಡವೆಂಬುದು ಮನೆಯೊಳಗಿನ ವಿದ್ಯೆ. ಅಜ್ಜಿಯಿಂದ ಮೊಮ್ಮಗಳಿಗೆ ಬಾಯಿಮಾತಿನಲ್ಲಿ ಬಂದರೆ ಉಂಟು, ಇಲ್ಲವಾದರೆ ಇಲ್ಲ. ನಮ್ಮ ಮಕ್ಕಳು ಮರಾಠಿ ಶಾಲೆಗೋ ಇಂಗ್ಲಿಷ್ ಶಾಲೆಗೋ ಹೋಗುವುದರಲ್ಲಿ ತಪ್ಪೇನೂ ಇಲ್ಲ. ಹೊಟ್ಟೆಯ ದಾರಿಯನ್ನು ಅವರು ನೋಡಿಕೊಳ್ಳಲೇಬೇಕು. ಆದರೆ ಮನೆಯ ಜಗಲಿಯ ಮೇಲೆ ಕನ್ನಡ ಮಾತನಾಡುವ ಹಿರಿಯರ 'ಆಸನ' ತೆರವಾದಾಗ ಅದಕ್ಕೆ ಯಾರು ಬಂದು ಕೂರುವರೆಂಬುದನ್ನು ನಾವು ಇಂದೇ ಯೋಚಿಸಬೇಕು. ಮನೆಯ ಮಕ್ಕಳೇ ಬರಬೇಕೆಂಬ ಹಟವೂ ಬೇಡ. ನೆರೆಯ ಮರಾಠಿ ಮನೆಯ ಹುಡುಗನೊಬ್ಬ ಕನ್ನಡ ಓದಲು ಆಸೆಪಟ್ಟರೆ ಅವನನ್ನು ಹೊರಗಿನವನೆಂದು ಕಾಣಬಾರದು. ಮನ್ಸೂರಿನ ಹುಡುಗನನ್ನು ಕೊಲ್ಲಾಪುರದ ಖಾನರ ಮನೆ ಹಾಗೆ ಕಂಡಿದ್ದರೆ ನಷ್ಟ ಯಾರಿಗಾಗುತ್ತಿತ್ತು?

ನಮ್ಮ ಸಂಘಕ್ಕೆ ಶಕ್ಯವಾದ ಕೆಲಸಗಳು ಕೆಲವಿವೆ. ಪ್ರತಿ ವರ್ಷ ಡಿಸೆಂಬರ 31ರಂದು, ಮನ್ಸೂರರ ಜನ್ಮದಿನದಂದು, ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜಗಳಲ್ಲಿ ಸರದಿಯಂತೆ ಒಂದು ಸಂಜೆಯ ಶ್ರವಣ ಕಾರ್ಯಕ್ರಮವನ್ನು ಇಡಬಹುದು. ಮನ್ಸೂರರ ಒಂದು ರಾಗ, ಒಂದು ವಚನ, ಗದುಗಿನ ಗವಾಯಿಗಳ ಒಂದು ಮುದ್ರಿಕೆ ಇಷ್ಟಿದ್ದರೆ ಸಾಕು. ಯಾವ ರಾಗ, ಯಾವ ಗುರು, ಯಾವ ಊರು ಎಂಬುದನ್ನು ನಾಲ್ಕು ಮಾತುಗಳಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಹೇಳಬೇಕು. ಮರಾಠಿ ಬಂಧುಗಳನ್ನು ಕರೆಯಲೇಬೇಕು, ಏಕೆಂದರೆ ಈ ಆಸ್ತಿ ಜಂಟಿಯದು. ಸಂಗೀತ ಕಲಿಯುತ್ತಿರುವ ಮಕ್ಕಳು ನಮ್ಮ ಕುಟುಂಬಗಳಲ್ಲಿದ್ದರೆ ಅಂದು ಅವರಿಂದ ಹಾಡಿಸಬೇಕು; ಸ್ವರ ಅಲ್ಲಲ್ಲಿ ತಪ್ಪಿದರೂ ಸಭೆ ತಾಳ್ಮೆಯಿಂದ ಕೇಳಬೇಕು. 'ನನ್ನ ರಸಯಾತ್ರೆ'ಯ ಪ್ರತಿಯೊಂದನ್ನು ಸಂಘದ ಪುಸ್ತಕ ಭಂಡಾರದಲ್ಲಿಟ್ಟು, ಹೈಸ್ಕೂಲಿನ ಮಕ್ಕಳಿಂದ ವಾರಕ್ಕೊಂದು ಅಧ್ಯಾಯದಂತೆ ಗಟ್ಟಿಯಾಗಿ ಓದಿಸಿದರೆ ಕನ್ನಡವೂ ಬಾಯಿಗೆ ಬರುತ್ತದೆ, ಇತಿಹಾಸವೂ ತಲೆಗೆ ಇಳಿಯುತ್ತದೆ.

ಇದಕ್ಕೆ ದೊಡ್ಡ ಹಣ ಬೇಡ, ದೊಡ್ಡ ಸಭಾಂಗಣ ಬೇಡ. ಒಂದು ಜಮಖಾನೆ ಹಾಸಿ, ಹಿರಿಯರು ಮೊದಲು ಬಂದು ಕೂತು, ಮಕ್ಕಳಿಗೆ ಪಕ್ಕದಲ್ಲಿ ಜಾಗ ಬಿಟ್ಟರೆ ಸಾಕು.